ಹನ್ನೊಂದನೇ ತಾರೀಖು

ನದಿ ದಂಡೆಯ ಆನೆ ಬಿಡಾರದ ಪಕ್ಕ ಬೆಳ್ಯಪ್ಪನವರ ಮನೆ. ಕಾಡುಪ್ರಾಣಿಗೆ ಅರಿವಳಿಕೆ ಮದ್ದು ಹೊಡೆಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಕಾಡಿನ ಡಾಕ್ಟರುಗಳೆಲ್ಲ ಬಂದೂಕು ಹಿಡಿಯಲು ಕಲಿತದ್ದು ಅವರ ಅಂಗಳದಲ್ಲೇ.

ಅವರ ಗೋಡೆಯ ಮೇಲೆ ಹನ್ನೆರಡು ವರ್ಷದ ಹಿಂದಿನ ಕ್ಯಾಲೆಂಡರ್ ಇತ್ತು. ಮುದುಕ ಜಿಪುಣ ಎಂದು ಶಿಷ್ಯರು ನಗುತ್ತಿದ್ದರು.

ಆ ದಿನ ಬೆಳಿಗ್ಗೆ ಡಾಕ್ಟರ್ ಸುಚೇತಾ ಬಂದಳು. ಹೆಗಲಲ್ಲಿ ಬಂದೂಕು, ಕೈಯಲ್ಲಿ ಎರಡು ಡಬ್ಬಿ.

"ನಾಳೆ ಒಂದು ಆನೆಗೆ ಮದ್ದು ಹೊಡೀಬೇಕು, ಗುರುಗಳೇ. ಕಾಲಿಗೆ ತಂತಿಯ ಉರುಳು ಬಿಗಿದಿದೆ. ಗಾಯದಲ್ಲಿ ಹುಳ ಆಗಿದೆ. ಬಂದೂಕಿನ ಸ್ಕೋಪ್ ಬದಲಾಯಿಸೋಣ ಅಂತ. ಅಂಗಡಿಯವನು ಎರಡು ಕೊಟ್ಟಿದ್ದಾನೆ. ಯಾವುದು ತಗೊಳ್ಳಲಿ?"

"ಹಳೇ ದುರ್ಬೀನಿಗೆ ಏನಾಯಿತು?"

ಅವಳು ನದಿಯ ಕಡೆ ನೋಡಿದಳು.

"ಚಿರತೆ ವಿಷಯ ಕೇಳಿರ್ತೀರಿ. ತೊಡೆಗೆ ಗುರಿಯಿಟ್ಟೆ. ಮದ್ದಿನ ಸೂಜಿ ಪಕ್ಕೆಲುಬಿನ ಒಳಕ್ಕೆ ಹೋಗಿ ಅದು ಸತ್ತಿತು. ಎರಡು ಮರಿ ಇತ್ತು."

"ಯಾವ ತಾರೀಖು?"

"ಕಳೆದ ತಿಂಗಳು ಹನ್ನೊಂದು."

ಬೆಳ್ಯಪ್ಪ ಒಳಗೆ ಹೋಗಿ ಈ ವರ್ಷದ ಕ್ಯಾಲೆಂಡರಿನಿಂದ ಕಳೆದ ತಿಂಗಳ ಹಾಳೆ ಹರಿದು ತಂದರು. ಬೇಲಿಯ ಹಲಗೆಗೆ ಮೊಳೆ ಹೊಡೆದು ಸಿಕ್ಕಿಸಿದರು. ಹಳೇ ಸ್ಕೋಪನ್ನು ತಮ್ಮ ಏರ್ ಗನ್ನಿನ ಮೇಲೆ ಕೂರಿಸಿ ಅವಳ ಕೈಗಿಟ್ಟರು.

"ಗುಂಡು ಹನ್ನೊಂದರ ಮೇಲೆ ಬೀಳೋ ಹಾಗೆ ಹೊಂದಿಸಿಕೋ."

"ಬೇರೆ ಅಂಕಿ ಇಲ್ಲವಾ, ಗುರುಗಳೇ?"

"ಇವೆ."

ಅವಳು ಹೊಂದಿಸಿಕೊಂಡು ಹೊಡೆದಳು. ಹನ್ನೊಂದರಲ್ಲಿ ಸಣ್ಣ ತೂತು ಬಿತ್ತು.

"ಈಗ ತಿರುಪು ತಿರುಗಿಸು. ಇಪ್ಪತ್ತು ಟಿಕ್ ಮೇಲಕ್ಕೆ, ಇಪ್ಪತ್ತು ಬಲಕ್ಕೆ, ಇಪ್ಪತ್ತು ಕೆಳಕ್ಕೆ, ಇಪ್ಪತ್ತು ಎಡಕ್ಕೆ. ಆಮೇಲೆ ಹನ್ನೊಂದಕ್ಕೇ ಗುರಿಯಿಟ್ಟು ಹೊಡಿ. ಹೊರಟಲ್ಲಿಗೇ ವಾಪಸ್ ಬರಬೇಕು."

ಗುಂಡು ಹದಿಮೂರಕ್ಕೆ ಬಿತ್ತು.

ಒಂದು ತಿಂಗಳಿಂದ ಎದೆಯಲ್ಲಿ ಹಿಡಿದುಕೊಂಡಿದ್ದ ಉಸಿರನ್ನು ಸುಚೇತಾ ಹೊರಬಿಟ್ಟಳು.

"ಹಾಗಾದರೆ ತಪ್ಪು ಇದರದ್ದು."

"ಹೂಂ. ಅವತ್ತು ಹೊರಡೋ ಮುಂಚೆ ಕಾಗದಕ್ಕೆ ಒಂದು ಹೊಡೆದು ನೋಡಿದ್ದೆಯಾ?"

"ಪುರುಸೊತ್ತೆಲ್ಲಿತ್ತು? ಕಬ್ಬಿನ ಗದ್ದೆ ಸುತ್ತ ಮುನ್ನೂರು ಜನ, ಎಲ್ಲರ ಕೈಯಲ್ಲೂ ಮೊಬೈಲು. ಬರುವಾಗ ಜೀಪಿನ ಸೀಟಿಂದ ಬಂದೂಕು ಎರಡು ಸಲ ಕೆಳಗೆ ಬಿದ್ದಿತ್ತು..."

ಬೆಳ್ಯಪ್ಪ ಸ್ಕೋಪನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿಟ್ಟರು.

"ಬೈದುಬಿಡಿ, ಗುರುಗಳೇ."

"ಬೈದರೆ ನಿನಗೆ ಹಗುರ ಆಗುತ್ತೆ."

ಅವಳು ಮನೆಯ ಬಾಗಿಲ ಕಡೆ ನೋಡಿ ಕೇಳಿದಳು. "ಒಳಗಿರೋ ಆ ಹಳೇ ಕ್ಯಾಲೆಂಡರ್..."

"ನನ್ನ ಮದ್ದಿಗೆ ಸತ್ತ ಮರಿಯಾನೆಯದು," ಅಂದರು ಬೆಳ್ಯಪ್ಪ. "ನನ್ನ ದುರ್ಬೀನು ಸರಿಯಾಗೇ ಇತ್ತು."

ನದಿಯಲ್ಲಿ ಮಾವುತರು ಆನೆಗಳ ಬೆನ್ನು ಉಜ್ಜುತ್ತಿದ್ದರು. ಒಂದು ಮರಿ ನೀರು ಬಿಟ್ಟು ಮೇಲೆ ಬರುವುದಿಲ್ಲವೆಂದು ಹಟ ಹಿಡಿದಿತ್ತು. ಇಬ್ಬರೂ ಅದನ್ನು ನೋಡಲಿಲ್ಲ.

ಬೆಳ್ಯಪ್ಪ ಮೊದಲ ಡಬ್ಬಿ ತೆರೆದರು. ಥಳಥಳಿಸುವ ಸ್ಕೋಪು. ಒಳಗೆ ಕೆಂಪು ದೀಪ, ಮೈಮೇಲೆ ನಾಲ್ಕಾರು ಗುಂಡಿ. ಅದನ್ನು ಏರ್ ಗನ್ನಿಗೆ ಕೂರಿಸಿ, ಹನ್ನೊಂದಕ್ಕೆ ಹೊಂದಿಸಲು ಅವಳಿಗೆ ಹೇಳಿದರು. ಆಮೇಲೆ ಬಂದೂಕನ್ನು ಮೊಣಕಾಲೆತ್ತರದಿಂದ ಅಂಗಳಕ್ಕೆ ಬಿಟ್ಟರು.

"ಅಯ್ಯೋ, ಅದು ಅಂಗಡಿಯವನದು, ಗುರುಗಳೇ."

"ಆನೆ ಅವನದಲ್ಲವಲ್ಲ."

ಅವಳು ತಿರುಪು ಸುತ್ತಿಸಿ ಹೊಡೆದಳು. ಹನ್ನೆರಡಕ್ಕೆ ಬಿತ್ತು.

"ಸ್ವಲ್ಪವೇ ಆಚೆ," ಅಂದಳು.

"ಪಕ್ಕೆಲುಬೂ ಸ್ವಲ್ಪವೇ ಆಚೆ ಇತ್ತು."

ಎರಡನೆಯದು ದಪ್ಪ, ಕಪ್ಪು, ನೋಡಲು ಕುಟ್ಟಾಣಿಯ ಹಾಗೆ. ದೀಪವಿಲ್ಲ, ಗುಂಡಿಯಿಲ್ಲ. ತಿರುಪು ಬಿಗಿ. ಕಣ್ಣು ಮುಚ್ಚಿದರೂ ಒಂದೊಂದೇ ಟಿಕ್ ಬೆರಳಿಗೆ ಸಿಗುತ್ತಿತ್ತು. ಅವಳು ಹನ್ನೊಂದಕ್ಕೆ ಹೊಂದಿಸಿದ ಮೇಲೆ ಬೆಳ್ಯಪ್ಪ ಅದನ್ನೂ ಕೆಳಗೆ ಬಿಟ್ಟರು, ಮತ್ತೊಮ್ಮೆ ಬಿಟ್ಟರು, ಮುಷ್ಟಿಯಿಂದ ಗುದ್ದಿದರು.

ಸುಚೇತಾ ಮೇಲೆ, ಬಲಕ್ಕೆ, ಕೆಳಗೆ, ಎಡಕ್ಕೆ ತಿರುಗಿಸಿದಳು. ಹೊಡೆದಳು.

ಹಾಳೆಯಲ್ಲಿ ಹೊಸ ತೂತು ಕಾಣಲಿಲ್ಲ. ಹತ್ತಿರ ಹೋಗಿ ನೋಡಿದಳು. ಹನ್ನೊಂದರ ತೂತೇ ಒಂದಿಷ್ಟು ಅಗಲವಾಗಿತ್ತು.

ಅವಳು ಹಲಗೆಗೆ ಹಣೆಯೊತ್ತಿ ನಿಂತಳು.

"ನನ್ನಿಂದ ಆಗಲ್ಲ. ಎಲ್ಲಿ ಗುರಿಯಿಟ್ಟರೂ ಆ ತಾಯಿ ಚಿರತೆಯೇ ಕಾಣುತ್ತೆ. ಊಟಕ್ಕೆ ಕೂತರೂ ಅದೇ, ಬಸ್ಸಲ್ಲಿ ಕೂತರೂ ಅದೇ. ನಾಳೆ ನೀವೇ ಬನ್ನಿ."

ಬೆಳ್ಯಪ್ಪ ಬಲಗೈ ಚಾಚಿ ತೋರಿಸಿದರು. ಬೆರಳುಗಳು ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗುತ್ತಿದ್ದವು. ಅವಳು ಅದನ್ನು ಮೊದಲ ಸಲ ಗಮನಿಸಿದಳು.

"ಯಾವಾಗಿಂದ?"

ಅವರು ಅದೇ ಕೈಯಿಂದ ಹಾಳೆಯನ್ನು ಮೊಳೆಯಿಂದ ಬಿಡಿಸಿ, ನಾಲ್ಕು ಮಡಿಕೆ ಮಾಡಿ, ಅವಳ ಚೀಲದೊಳಗಿಟ್ಟರು. ಆಮೇಲೆ ಕಪ್ಪು ಸ್ಕೋಪನ್ನು ಅವಳ ಬಂದೂಕಿಗೆ ಕೂರಿಸಿದರು. ತಿರುಪು ಬಿಗಿಯಲು ತುಂಬಾ ಹೊತ್ತು ಹಿಡಿಯಿತು. ಅವಳು ಸಹಾಯಕ್ಕೆ ಕೈ ಚಾಚಲಿಲ್ಲ.

"ನಾಳೆ ಹೊರಡೋ ಮುಂಚೆ ಕಾಗದಕ್ಕೆ ಹೊಡಿ," ಅಂದರು.

"ಹೊಡೀತೀನಿ."

ಬಂದೂಕನ್ನು ಅವಳ ಎರಡೂ ಕೈಗಳ ಮೇಲಿಟ್ಟರು.

"ಇದೂ ನಿನ್ನ ಹಾಗೇ ಕಣಮ್ಮ, ಎಲ್ಲಿಗೆ ತಿರುಗಿಸಿದರೂ ಹನ್ನೊಂದಕ್ಕೇ ಬಂದು ನಿಲ್ಲುತ್ತೆ. ಇಬ್ಬರೂ ಹೊರಡಿ. ಆನೆ ಮೂರು ಕಾಲಲ್ಲಿ ನಿಂತಿದೆ."