ಹದ್ದು ಬಿಟ್ಟುಕೊಟ್ಟ ಆಕಾಶ

ಜನರು ಮಾಡಿದ್ದು ತಪ್ಪು. ವಿಮಾನ ಪ್ರದರ್ಶನಕ್ಕೆ ಹದ್ದುಗಳು ಅಡ್ಡ ಬರಬಾರದೆಂದು ಸುತ್ತಲಿನ ಮಾಂಸದಂಗಡಿಗಳನ್ನು ಮುಚ್ಚಿಸಿದರು. ಹದ್ದಿನ ಮರಿಗಳು ಏನು ತಿನ್ನಬೇಕೆಂದು ಯಾರೂ ಯೋಚಿಸಲಿಲ್ಲ.

ರನ್‌ವೇ ಅಂಚಿನ ಹುಲ್ಲಿನಲ್ಲಿ ಇಲಿಯೊಂದನ್ನು ಕಂಡ ತಾಯಿ ಹದ್ದು ಮರದ ಕೊಂಬೆಯ ಮೇಲೆ ರೆಕ್ಕೆ ಬಿಚ್ಚಿತು. ಅಷ್ಟರಲ್ಲಿ ಯುದ್ಧವಿಮಾನವೊಂದು ನೆಲ ಸವರುವಂತೆ ನುಗ್ಗಿ ಬಂತು. ಹದ್ದು ಇಲಿಯ ಆಸೆ ಬಿಟ್ಟು ಕೊಂಬೆಯಲ್ಲೇ ಕುಳಿತಿತು. ಜನ ವಿಮಾನಕ್ಕೆ ಚಪ್ಪಾಳೆ ತಟ್ಟಿದರು.

ಕೆಳಗಿಳಿದ ವಿಮಾನ ಹೇಳಿತು: “ಅಕ್ಕಾ, ನೀನು ಹಾರಿದ್ದರೆ ನಾನು ಬೂದಿಯಾಗುತ್ತಿದ್ದೆ. ನನ್ನ ಹೊಟ್ಟೆಯಲ್ಲಿ ಒಬ್ಬ ತಾಯಿಯ ಮಗನಿದ್ದ. ನಿನ್ನ ಉಪಕಾರ ಮರೆಯಲಾರೆ.”

“ಅವನ ಮುಖ ಕಂಡೇ ಕುಳಿತೆ, ತಮ್ಮಾ. ಆದರೆ ಇಷ್ಟೊಂದು ಅರಚಬೇಡ, ಮರಿಗಳು ಮೊದಲೇ ಹಸಿದಿವೆ.”

ಚಪ್ಪಾಳೆ ತಟ್ಟಿದವರೇ, ಪ್ರದರ್ಶನ ಮುಗಿಯಿತು. ಹೋಗಿ ಅಂಗಡಿಗಳ ಬಾಗಿಲು ತೆಗೆಸಿ, ಮೊದಲ ತುಂಡನ್ನು ಆ ಹದ್ದಿಗೆ ಎಸೆಯಿರಿ.