ಅಳಿವೆ ದಾಟದೆ ಬರೆದದ್ದು

ಶಿಷ್ಯೆ ವಾರಿಜಾ ಕೇಳಿದಳು:

“ಗುರುಗಳೇ, ತಂತ್ರಾಂಶ ಕಟ್ಟುವವರಿಗೆ ಯೂಸರ್ ಸ್ಟೋರಿ ಬರೆದುಕೊಡುವುದು ನನ್ನ ಕೆಲಸ. ಅದನ್ನು ಬಳಸುವ ಜನ ಯಾರು, ಅವರಿಗೆ ಏನು ಬೇಕು, ಏಕೆ ಬೇಕು ಎಂದು ಕೇಳಿ ತಿಳಿದು, ಒಬ್ಬೊಬ್ಬರದನ್ನೂ ಒಂದೊಂದು ವಾಕ್ಯದಲ್ಲಿ ಬರೆಯಬೇಕು. ಈಗ ಎಐ ಸಹಾಯಕ ಯಾರನ್ನೂ ಕೇಳದೆ ಅದನ್ನು ಬರೆದುಕೊಡುತ್ತದೆ. ಹುಡುಕಿದರೂ ಅದರಲ್ಲಿ ನನಗೆ ತಪ್ಪು ಸಿಗುತ್ತಿಲ್ಲ. ಹಾಗಿರುವಾಗ ನಾನು ಜನರ ಮನೆಬಾಗಿಲಿಗೆ ಹೋಗುವುದು ಏತಕ್ಕೆ?”

ಗುರುಗಳು ಹೇಳತೊಡಗಿದರು.

ನಿನ್ನಂತೆಯೇ ಬರೆಯುವ ಕಸುಬಿನವಳೊಬ್ಬಳಿದ್ದಳು. ನದಿ ಕಡಲು ಸೇರುವ ಅಳಿವೆಯ ಆಚೆ ದಡದಲ್ಲಿ ಉಪ್ಪು ತೆಗೆಯುವವರ ಕೇರಿ. ಅಲ್ಲಿಗೆ ವೈದ್ಯರು ಹೋಗುತ್ತಿರಲಿಲ್ಲ. ಮನೆಗೊಂದು ಫೋನು ಕೊಡುವುದು, ಜನ ತಮ್ಮ ಕಾಯಿಲೆಯನ್ನು ಅದಕ್ಕೆ ಹೇಳುವುದು, ಔಷಧಿ ದೋಣಿಯಲ್ಲಿ ಹೋಗುವುದು ಎಂದು ಏರ್ಪಾಡಾಯಿತು. ಜನರ ಕಷ್ಟ ಏನೇನು ಎಂದು ಕೇಳಿ ಬರೆದುಕೊಂಡು ಬರಲು ಇವಳನ್ನು ಕಳುಹಿಸಿದರು.

ಅವಳು ದಡಕ್ಕೆ ಬಂದಾಗ ಕಡಲು ಉಬ್ಬಿ ಭರತದ ಸೆಳೆತ ಜೋರಾಗಿತ್ತು. ಮಧ್ಯಾಹ್ನದವರೆಗೆ ಕಾಯಬೇಕು ಎಂದ ದೋಣಿಯವನು. ಅವಳು ಮರದ ನೆರಳಿನಲ್ಲಿ ಕುಳಿತಳು. ಸುಮ್ಮನೆ ಕೂರಲಾರದೆ, ಆ ಕೇರಿಯವರಿಗೆ ಏನೇನು ಬೇಕಿರಬಹುದು ಎಂದು ಎಐ ಸಹಾಯಕವನ್ನು ಕೇಳಿದಳು. ಕ್ಷಣದಲ್ಲಿ ನಲವತ್ತು ವಾಕ್ಯಗಳು ಸಿದ್ಧವಾದವು. ಮೊದಲನೆಯದು ಹೀಗಿತ್ತು: “ಉಪ್ಪಿನ ಆಗರದಲ್ಲಿ ದುಡಿಯುವ ಹೆಂಗಸಾಗಿ, ನನ್ನ ಕಾಲಿನ ಬಿರುಕಿಗೆ ಮುಲಾಮು ಬೇಕು, ನಾಳೆಯೂ ನಾನು ಉಪ್ಪುನೀರಿಗೆ ಇಳಿಯಬೇಕು.” ಆ ಕೇರಿಯಲ್ಲೇ ಹುಟ್ಟಿ ಬೆಳೆದವರು ಹೇಳಿದಂತಿತ್ತು. ಅವಳು ಅದನ್ನು ಎರಡೆರಡು ಸಲ ಓದಿದಳು.

ನೀರು ಇಳಿದ ಮೇಲೆ ದೋಣಿಯವನು ಕರೆದ. “ಬನ್ನಿ ಅಕ್ಕಾ, ಹತ್ತಿ.”

“ಬೇಡಪ್ಪ, ಕೆಲಸ ಮುಗಿಯಿತು.”

“ಆಚೆಗೆ ಹೋಗದೆಯೇ?”

ಅವಳು ನಕ್ಕು ಹಿಂದಿರುಗಿದಳು.

ಕಟ್ಟುವವರು ಮೆಚ್ಚಿದರು. ನಲವತ್ತು ವಾಕ್ಯಕ್ಕೆ ನಲವತ್ತು ಔಷಧಿ ಗೊತ್ತುಮಾಡಿ ತಂತ್ರಾಂಶ ಕಟ್ಟಿದರು. ವರ್ಷ ಕಳೆಯಿತು. ಆಚೆ ದಡದಿಂದ ಒಂದು ದೂರೂ ಬರಲಿಲ್ಲ. ಮೊದಲು ಅವಳಿಗೆ ಹೆಮ್ಮೆಯಾಯಿತು. ಆಮೇಲೆ ಅಳುಕಾಯಿತು. ಜನ ಇರುವ ಕಡೆ ಗೊಣಗಾಟವೂ ಇರಬೇಕಲ್ಲ! ಯಾರೂ ಹೇಳದಿದ್ದರೂ ಒಂದು ಬೆಳಿಗ್ಗೆ ಅವಳು ಅಳಿವೆ ದಾಟಿದಳು.

ಕೇರಿಯಲ್ಲಿ ಜನರಿದ್ದರು, ಮಾತಿರಲಿಲ್ಲ. ಮೊದಲ ಮನೆಯ ಜಗಲಿಯಲ್ಲಿ ಒಬ್ಬ ಹೆಂಗಸು ಕುಳಿತಿದ್ದಳು. “ಆರೋಗ್ಯ ಹೇಗಿದೆಯಮ್ಮ?” ಎಂದು ಬರೆಯುವವಳು ಕೇಳಿದಳು.

ಹೆಂಗಸು ಎದ್ದು ನಿಂತಳು. ಒಂದೊಂದೇ ಪದ ಬಿಡಿಸಿ, ಏರಿಳಿತವಿಲ್ಲದೆ ಹೇಳಿದಳು: “ಉಪ್ಪಿನ ಆಗರದಲ್ಲಿ ದುಡಿಯುವ ಹೆಂಗಸಾಗಿ, ನನ್ನ ಕಾಲಿನ ಬಿರುಕಿಗೆ ಮುಲಾಮು ಬೇಕು, ನಾಳೆಯೂ ನಾನು ಉಪ್ಪುನೀರಿಗೆ ಇಳಿಯಬೇಕು.”

ಒಂದಕ್ಷರ ಆಚೀಚೆ ಇರಲಿಲ್ಲ. ಬರೆಯುವವಳು ಹೆಂಗಸಿನ ಪಾದ ನೋಡಿದಳು. ಬಿರುಕಿರಲಿಲ್ಲ. ಮುಖ ನೋಡಿದಳು. ಎಡಗಣ್ಣು ಊದಿ ಮುಚ್ಚಿಹೋಗಿತ್ತು; ರೆಪ್ಪೆ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಗೋಡೆಯ ಗೂಡಿನಲ್ಲಿ ಕಾಲಿನ ಮುಲಾಮಿನ ಟ್ಯೂಬುಗಳು ಸಾಲಾಗಿದ್ದವು.

“ಇದನ್ನು ಎಲ್ಲಿಗೆ ಹಚ್ಚಿಕೊಳ್ಳುತ್ತೀರಿ?”

ಹೆಂಗಸು ಕೈಯೆತ್ತಿ ಕಣ್ಣು ಮುಟ್ಟಿಕೊಂಡಳು.

ಪಕ್ಕದ ಮನೆಯ ಮುದುಕ ಏಳನೆಯ ವಾಕ್ಯ ಹೇಳಿದ. ಅದು ಬೆನ್ನುನೋವಿನದು. ಹೇಳುವಾಗ ಅವನ ಕೈ ಎದೆಯನ್ನು ಒತ್ತಿ ಹಿಡಿದಿತ್ತು. ಕೊನೆಯ ಮನೆಯ ಮುದುಕಿ ಬಾಯಿ ತೆರೆದಳು. ಬಹಳ ಹೊತ್ತು ತೆರೆದೇ ಇದ್ದಳು. ದನಿ ಬರಲಿಲ್ಲ. ಅವಳು ನಲವತ್ತರಲ್ಲಿ ಒಂದನ್ನೂ ಕಲಿತಿರಲಿಲ್ಲ, ತನ್ನ ಮಾತನ್ನೂ ಮರೆತಿದ್ದಳು.

ಬರೆಯುವವಳು ಮೊದಲ ಮನೆಯ ಹೆಂಗಸನ್ನು ಕೈಹಿಡಿದು ದೋಣಿಗೆ ಕರೆತಂದಳು. ಹುಟ್ಟು ಹಾಕುತ್ತ ದೋಣಿಯವನು ಹೇಳಿದ: “ಮೊದಮೊದಲು ಎಲ್ಲರೂ ತಮ್ಮ ನೋವನ್ನೇ ಹೇಳಿಕೊಂಡರು ಅಕ್ಕಾ. ಫೋನು ‘ಅರ್ಥವಾಗಲಿಲ್ಲ, ಮತ್ತೆ ಹೇಳಿ’ ಅಂದು ತನ್ನ ನಲವತ್ತು ವಾಕ್ಯ ಓದಿ ಕೇಳಿಸುತ್ತಿತ್ತು. ಅದಕ್ಕೆ ಅರ್ಥವಾಗುವುದನ್ನು ಹೇಳಿದರೆ ಏನೋ ಒಂದು ಔಷಧಿ ಬರುತ್ತಿತ್ತು. ಏನೂ ಬರದಿರುವುದಕ್ಕಿಂತ ಅದು ವಾಸಿಯಲ್ಲವೇ?” ಹೆಂಗಸು ಬೇರೆ ಯಾರದೋ ಸುದ್ದಿ ಕೇಳುವವಳಂತೆ ನೀರು ನೋಡುತ್ತಿದ್ದಳು.

ಆಸ್ಪತ್ರೆಯಲ್ಲಿ ವೈದ್ಯರು ತಲೆಯೆತ್ತದೆ ಏನು ತೊಂದರೆ ಎಂದು ಕೇಳಿದರು. ಹೆಂಗಸು ಎದ್ದು ನಿಂತು ಅದೇ ವಾಕ್ಯ ಹೇಳಿದಳು. ವೈದ್ಯರು ಬಗ್ಗಿ ಕಾಲು ನೋಡತೊಡಗಿದರು. “ಕಣ್ಣು! ಅವಳ ಕಣ್ಣು ನೋಡಿ!” ಎಂದು ಬರೆಯುವವಳು ಕೂಗಿಕೊಂಡಳು.

ಆ ಕಣ್ಣು ಅಷ್ಟರಲ್ಲಾಗಲೇ ಹೋಗಿತ್ತು. ಇನ್ನೊಂದನ್ನು ಉಳಿಸಿದರು.

ಬರೆಯುವವಳು ಮನೆಗೆ ಹೋಗಲಿಲ್ಲ. ಹಾಸಿಗೆಯ ಪಕ್ಕದಲ್ಲಿ ಕುಳಿತು ದಿನವೂ ಕೇಳಿದಳು, “ನೋವು ಎಲ್ಲಿದೆಯಮ್ಮ? ನಿನ್ನ ಮಾತಿನಲ್ಲೇ ಹೇಳು.” ಎಂಟು ದಿನವೂ ಅದೇ ವಾಕ್ಯ ಬಂತು. ಒಂಬತ್ತನೆಯ ದಿನ ಹೆಂಗಸು ಏನೂ ಹೇಳದೆ ತನ್ನ ಹೊದಿಕೆಯನ್ನು ಕಾಲಿನ ಕಡೆಯಿಂದ ಸರಿಸಿದಳು. ಒಂಬತ್ತು ದಿನ ನೆಲವನ್ನೂ ಸರಿಯಾಗಿ ಮೆಟ್ಟದ ಆ ಪಾದಗಳು ಹಿಮ್ಮಡಿಯುದ್ದಕ್ಕೂ ಬಿರಿದಿದ್ದವು, ಬಿರುಕಿನಲ್ಲಿ ರಕ್ತವಿತ್ತು.

ಗುರುಗಳು ನಿಲ್ಲಿಸಿದರು. ವಾರಿಜಾಳ ದನಿ ಸಣ್ಣಗಾಗಿತ್ತು.

“ಹಾಗಾದರೆ ಸಹಾಯಕ ಬರೆದದ್ದು ಸುಳ್ಳೇ, ಗುರುಗಳೇ?”

“ಸುಳ್ಳಾಗಿದ್ದರೆ ಅಳಿಸಬಹುದಿತ್ತು, ತಾಯಿ; ಅದು ನಿಜವಾಗಿಬಿಟ್ಟಿತು.”