ಗೋಡೆ ಸುತ್ತಿ ಬಂದ ಕೇಬಲ್

"ಗುರುಗಳೇ, ಹಂಬಲ ಒಂದಿದ್ದರೆ ಸಾಲದೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಬಟ್ಟೆ ವ್ಯಾಪಾರಿಗೆ ಒಬ್ಬಳೇ ತಂಗಿ. ಅವಳು ತಾನು ಮೆಚ್ಚಿದವನನ್ನು ಮದುವೆಯಾದಳು. ಅಣ್ಣ ಬಾಗಿಲು ಮುಚ್ಚಿದ. ಹನ್ನೊಂದು ವರ್ಷ ಇಬ್ಬರ ನಡುವೆ ಮಾತಿರಲಿಲ್ಲ. ಆಮೇಲೆ, ಅವಳು ಪ್ರತಿ ಶುಕ್ರವಾರ ಸಂಜೆ ಆರಕ್ಕೆ ಟೀವಿಯಲ್ಲಿ ಹಾಡುತ್ತಾಳೆಂದು ಯಾರೋ ಹೇಳಿದರು. ವ್ಯಾಪಾರಿ ಮನೆಯವರಿಗೂ ಕಾರಣ ತಿಳಿಸದೆ ತಾರಸಿಯ ಮೇಲೆ ಒಳ್ಳೆಯ ಡಿಶ್ ಹಾಕಿಸಿದ.

"ಯಜಮಾನರೇ, ಗೋಡೆಗೆ ಬೆರಳು ದಪ್ಪದ ತೂತು ಕೊರೆಯುತ್ತೇನೆ. ಹತ್ತು ಮೀಟರ್ ಕೇಬಲ್ ಸಾಕು, ನಡುವೆ ಒಂದೂ ಜೋಡಣೆ ಬರುವುದಿಲ್ಲ" ಎಂದ ಮೆಕ್ಯಾನಿಕ್.

"ಈ ಗೋಡೆಗೆ ಕ್ಯಾಲೆಂಡರಿನ ಮೊಳೆ ಹೊಡೆಯಲೂ ನಾನು ಬಿಟ್ಟಿಲ್ಲ. ಸುತ್ತು ಹಾಕಿ ತಾ."

ಕೇಬಲ್ ಹಿತ್ತಿಲನ್ನು ಬಳಸಿ, ಮೂರು ಕಡೆ ಜೋಡಣೆಗೊಂಡು, ಅಡುಗೆಮನೆಯ ಕಿಟಕಿಯಲ್ಲಿ ನುಸುಳಿ ನಡುಮನೆಗೆ ಬಂತು. ಕಿಟಕಿ ಮುಚ್ಚಿದಾಗಲೆಲ್ಲ ಅದು ಚೌಕಟ್ಟಿಗೆ ಸಿಕ್ಕಿ ಅಪ್ಪಚ್ಚಿಯಾಗುತ್ತಿತ್ತು.

ಶುಕ್ರವಾರ ತಂಗಿಯ ಹಣೆ ಕಂಡಿತು, ಕುಂಕುಮ ಕಂಡಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ಮುಖ ಚೂರುಚೂರಾಯಿತು. ವಾರವಾರವೂ ಹೀಗೆಯೇ ಆಯಿತು. ವ್ಯಾಪಾರಿ ಮೆಕ್ಯಾನಿಕ್‌ನನ್ನು ಕರೆಸಿ ಡಿಶ್ ತಿರುಗಿಸೆಂದ.

ಅವನು ನಕ್ಕ. "ಆಕಾಶದಿಂದ ತಾರಸಿಯವರೆಗೆ ಸಿಗ್ನಲ್ ಸರಿಯಾಗಿಯೇ ಬಂದಿದೆ, ಯಜಮಾನರೇ. ನಿಮ್ಮ ಹಿತ್ತಿಲು, ಅಡುಗೆಮನೆ ಎಲ್ಲ ನೋಡಿಕೊಂಡು ಬರುವ ಹೊತ್ತಿಗೆ ಅದಕ್ಕೆ ಸುಸ್ತಾಗುತ್ತದೆ. ಕೊರೆಯಲೇ?"

"ಬೇಡ."

ಒಂದು ಶುಕ್ರವಾರ ತಂಗಿ ಹಾಡುವ ಮೊದಲು ಮಾತಾಡಿದಳು. "ಈ ಹಾಡನ್ನು ಚಿಕ್ಕಂದಿನಲ್ಲಿ ನನಗೆ ಕಲಿಸಿದವರು ನಮ್ಮ..." ಅಲ್ಲಿಗೆ ಚಿತ್ರವೂ ದನಿಯೂ ನಿಂತುಹೋದವು. ಕಲಿಸಿದವನು ಅವನೇ. ಅವಳು ಅಣ್ಣ ಎಂದಳೋ, ಇನ್ನಾರ ಹೆಸರು ಹೇಳಿದಳೋ, ತಿಳಿಯಲಿಲ್ಲ. ಆ ಒಂದು ಶಬ್ದ ಕೇಳಿದ್ದರೆ ಅವನು ಅಂದೇ ಬಸ್ಸು ಹತ್ತುತ್ತಿದ್ದ. ಚಿತ್ರವಿಲ್ಲದ ಗಾಜಿನ ಮೇಲೆ ಕೈಯಿಟ್ಟು ಅವನು ಬಹಳ ಹೊತ್ತು ಕುಳಿತ.

ಮಾರನೆಯ ದಿನ ಮೆಕ್ಯಾನಿಕ್‌ಗೆ ಹೇಳಿಕಳಿಸಿದ. "ಎಲ್ಲಿ ಬೇಕೋ ಅಲ್ಲಿ ಕೊರೆ" ಎಂದ. ಇಟ್ಟಿಗೆಯ ಪುಡಿ ನೆಲಕ್ಕೆ ಸುರಿಯಿತು. ಕಾಲು ಗಂಟೆಯಲ್ಲಿ ಕೇಬಲ್ ನೇರವಾಗಿ ಒಳಗೆ ಬಂತು. ಮುಂದಿನ ಶುಕ್ರವಾರ ಅವನು ಐದಕ್ಕೇ ಅಂಗಡಿ ಮುಚ್ಚಿ, ಮುಖ ತೊಳೆದು, ಟೀವಿಯ ಮುಂದೆ ಕುಳಿತ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಚಿತ್ರ ಬಂತೇ, ಗುರುಗಳೇ?"

"ಬಂತು, ಬಹಳ ಸ್ಪಷ್ಟವಾಗಿ ಬಂತು, ಆ ವಾರದಿಂದ ಹಾಡುವವರು ಮಾತ್ರ ಬೇರೆ ಯಾರೋ."